ಪರದೆಯ ಹಿಂದಿನ ಕಥೆಯಣ್ಣ

ನೆನೆದ ಕಂಬಳಿಯನ್ನು ಕೆಂಡದ ಹತ್ತಿರ ಹರವಿದರೆ ಒಂದು ವಾಸನೆ ಏಳುತ್ತದೆ. ಅದರಲ್ಲಿ ಕುರಿಯ ವಾಸನೆಯೂ ಇರುತ್ತದೆ, ಹೊಗೆಯದೂ ಇರುತ್ತದೆ, ಹೊದ್ದವರ ಮೈಯದೂ ಇರುತ್ತದೆ. ಮೊನ್ನೆ ಮಗಳ ಮನೆಯಲ್ಲಿ ಅಳಿಯ ಮಳೆಯಲ್ಲಿ ತೊಯ್ದು ಬಂದು ಒಲೆಯ ಪಕ್ಕದಲ್ಲಿ ಕಂಬಳಿ ಹಾಕಿದ. ಸ್ವಲ್ಪ ಹೊತ್ತಿಗೆ ಆ ವಾಸನೆ ಮನೆಯೆಲ್ಲ ತುಂಬಿತು. ನಾನು ಕಾಫಿ ಲೋಟ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. "ಏನಪ್ಪಾ, ಚಳಿಯಾ?" ಎಂದು ಮಗಳು ಕೇಳಿದಳು. ಚಳಿಯಲ್ಲ ಎಂದೆ. 

ಉದಕಮಂಡಲದ ಮಾರ್ಕೆಟ್ಟಿನ ಹಿಂದೆ ಆಗ ಒಂದು ತಗಡಿನ ಬಯಾಸ್ಕೋಪ್ ಹಾಲು ಇತ್ತು. ಬಿಳಿಯ ದೊರೆಗಳು ಹೋಗುವ ಹಾಲು ಬೇರೆ, ಅದು ಮೇಲೆ ಗುಡ್ಡದ ಮೇಲಿತ್ತು. ಇದು ನಮ್ಮಂಥವರದು. ನೆಲಕ್ಕೆ ಗೋಣಿತಟ್ಟು ಹಾಸಿರುತ್ತಿದ್ದರು. ಗೋಡೆಯ ಪಕ್ಕದಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಗಳನ್ನು ಇಟ್ಟಿರುತ್ತಿದ್ದರು. ಮಳೆಗಾಲದಲ್ಲಿ ಜನ ತೊಯ್ದ ಕಂಬಳಿ ಹೊದ್ದೇ ಬಂದು ಕೂರುತ್ತಿದ್ದರು. ಆಟ ಮುಗಿಯುವಷ್ಟರಲ್ಲಿ ಕಂಬಳಿಗಳೆಲ್ಲ ಅರ್ಧ ಒಣಗಿ, ಬೆಳಕಿನ ಕೋಲಿನಲ್ಲಿ ಹಬೆ ಏರುವುದು ಕಾಣುತ್ತಿತ್ತು. ಹೊರಗೆ ಕರೆಂಟಿನ ಎಂಜಿನ್ನು ಧಡಧಡ ಎನ್ನುತ್ತಿತ್ತು.

ಈಗಿನವರಿಗೆ ಹೇಳಿದರೆ ನಗುತ್ತಾರೆ. ಆಗ ಸಿನಿಮಾ ಮಾತಾಡುತ್ತಿರಲಿಲ್ಲ. ಪರದೆಯ ಮೇಲಿನವರು ಬಾಯಿ ಆಡಿಸುತ್ತಿದ್ದರು, ನಡುನಡುವೆ ಇಂಗ್ಲಿಷ್ ಅಕ್ಷರ ಬಂದು ಹೋಗುತ್ತಿತ್ತು. ಅದನ್ನು ಓದಿ ಜನರಿಗೆ ಕಥೆ ಹೇಳಲು ಒಬ್ಬರು ಬೇಕು, ಸಂಗೀತಕ್ಕೆ ಒಬ್ಬರು ಬೇಕು. ಹಾರ್ಮೋನಿಯಂ ನುಡಿಸುತ್ತಿದ್ದವನು ನಾನು. ಕಥೆ ಹೇಳುತ್ತಿದ್ದವರು ಅವರು. ಮಾರ್ಕೆಟ್ಟಿನವರೆಲ್ಲ ಅವರನ್ನು ಕಥೆಯಣ್ಣ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ.

ನಮ್ಮದು ಬೆಟ್ಟದ ವೀರಶೈವರ ಮನೆ. ಗುಂಡ್ಲುಪೇಟೆಯ ಕಡೆಯ ಮಠದಲ್ಲಿ ಬಿಟ್ಟು ನನಗೆ ಕನ್ನಡ ಓದಿಸಿದ್ದರು. ಹಾರ್ಮೋನಿಯಂ ಕಲಿತದ್ದು ಅಲ್ಲಿನ ಭಜನೆಯಲ್ಲಿ. ಮದುವೆಯಾದ ಮೇಲೆ ಊಟಿಗೆ ಬಂದು ಹಗಲು ಆಲೂಗಡ್ಡೆ ಮಂಡಿಯಲ್ಲಿ ಕೆಲಸಕ್ಕೆ ಸೇರಿದೆ. ಸಂಜೆ ಹಾಲಿಗೆ ಹೋಗುತ್ತಿದ್ದೆ. ದೊಡ್ಡ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದ ಕಾಲ ಅದು.

ಕಥೆಯಣ್ಣ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು ಇದ್ದಿರಬೇಕು. ಸಣ್ಣ ಮೈ, ಒಳಗೆ ಹೋದ ಕೆನ್ನೆ. ಯಾರೋ ಸಿಪಾಯಿ ಬಿಟ್ಟುಹೋದಂಥ ಹಳೆಯ ಕೋಟು ಹಾಕುತ್ತಿದ್ದರು. ಬೀದಿಯಲ್ಲಿ ಕಂಡರೆ ಯಾರೂ ಎರಡನೆಯ ಸಲ ನೋಡುವಂಥ ಆಳಲ್ಲ. ಆದರೆ ದೀಪ ಆರಿಸಿ, ಅವರು ಮಾತು ದೂರ ಕೇಳಿಸಲೆಂದು ತಗಡಿನ ತುತ್ತೂರಿಯನ್ನು ಬಾಯಿಗೆ ಹಿಡಿದರೆ ಸಾಕು, ಹಾಲು ಅವರದಾಗುತ್ತಿತ್ತು. ರಾಣಿ ಅತ್ತರೆ ಹೆಂಗಸರು ಅಳುತ್ತಿದ್ದರು. ಕಳ್ಳ ಬಂದರೆ ಹಿಂದಿನಿಂದ ಯಾರೋ "ಅಯ್ಯೋ, ಹಿಂದೆ ನೋಡು!" ಎಂದು ಕೂಗುತ್ತಿದ್ದರು.

ತಮಿಳು ಅವರಿಗೆ ನೀರು ಕುಡಿದಷ್ಟು ಸುಲಭ. ಮಂಗಳವಾರ ಮಾತ್ರ ನಮ್ಮ ಬೆಟ್ಟದವರ ಬಡಗ ಮಾತಿನಲ್ಲಿ ಹೇಳುತ್ತಿದ್ದರು. ಮಂಗಳವಾರ ಸಂತೆ. ಸುತ್ತಲಿನ ಹಟ್ಟಿಗಳಿಂದ, ದೂರದ ಮಂಜೂರು ಕುಂದಾ ಕಡೆಯಿಂದ ಕೂಡ ಜನ ಬರುತ್ತಿದ್ದರು. ಅವರಿಗಾಗಿ ಮಧ್ಯಾಹ್ನದ ಒಂದು ಆಟ ಇರುತ್ತಿತ್ತು. ಆ ಆಟದಲ್ಲಿ ಮಾತ್ರ ಕಥೆಯಣ್ಣ ಜನರ ಮುಂದೆ ನಿಲ್ಲುತ್ತಿರಲಿಲ್ಲ. ಪರದೆಯ ಹಿಂದೆ ಹೋಗಿ, ಚಿತ್ರವನ್ನು ತಿರುಗುಮುರುಗಾಗಿ ನೋಡುತ್ತ ಅಲ್ಲಿಂದಲೇ ಹೇಳುತ್ತಿದ್ದರು. ಒಮ್ಮೆ ಯಾಕೆಂದು ಕೇಳಿದೆ. "ಕಂಬಳಿಯ ಹೊಗೆಗೆ ಗಂಟಲು ಕಟ್ಟುತ್ತದೆ ತಮ್ಮಾ" ಎಂದರು. ನಾನು ನಂಬಿದೆ.

"ನಿಂಗ ಯಾವ ಹಟ್ಟಿ ಅಣ್ಣಾ?" ಎಂದೂ ಕೇಳಿದ್ದೆ.

"ಆ ಕಡೆ" ಎಂದು ಗದ್ದ ಎತ್ತಿ ತೋರಿಸಿದರು. ಆ ಕಡೆ ಮಂಜು ಬಿಟ್ಟರೆ ಏನೂ ಇರಲಿಲ್ಲ.

ಹಾಲಿನ ಹಿಂದೆ ಒಂದು ಕೋಣೆಯಲ್ಲಿ ಅವರ ವಾಸ. ಹಬ್ಬಕ್ಕೆ ನಮ್ಮ ಮನೆಗೆ ಕರೆದರೆ ಬರುತ್ತೇನೆ ಎನ್ನುತ್ತಿದ್ದರು, ಬರುತ್ತಿರಲಿಲ್ಲ. ನನ್ನ ಹೆಂಡತಿ ಎಲೆಯಲ್ಲಿ ಕಟ್ಟಿಕೊಟ್ಟದ್ದನ್ನು ಮರುದಿನ ಒಯ್ದರೆ ನಿಂತುಕೊಂಡೇ ತಿನ್ನುತ್ತಿದ್ದರು. ಕೂತು ಉಣ್ಣುವುದನ್ನೇ ಮರೆತವರ ಹಾಗೆ…

ಆ ವರ್ಷ ಮಳೆಗಾಲ ಜೋರಾಗಿತ್ತು. ಬೇಸಿಗೆಯ ಸೀಸನ್ ಮುಗಿದು ದೊರೆಗಳೆಲ್ಲ ಆಳುಕಾಳುಗಳ ಜೊತೆ ಇಳಿದು ಹೋಗಿದ್ದರು, ಹಾಲಿಗೆ ಜನ ಇರಲಿಲ್ಲ. ಹಾಲಿನ ಒಡೆಯರಾಗಿದ್ದ ನಮ್ಮ ಮುದಲಾಳಿ ಮದರಾಸಿನಿಂದ ಒಂದು ಹಳೆಯ ವಿಲಾಯತಿ ಚಿತ್ರವನ್ನು ಅಗ್ಗಕ್ಕೆ ತರಿಸಿದರು. ಅದು ದೆವ್ವದ ಚಿತ್ರ. ಎಷ್ಟು ಊರು ಸುತ್ತಿತ್ತೋ, ಫಿಲ್ಮಿನ ಮೇಲೆ ಮಳೆ ಬಿದ್ದ ಹಾಗೆ ಗೀರುಗಳಿದ್ದವು. ಜನರಿಗೆ ತೋರಿಸುವ ಮೊದಲು ನಾವು ಒಮ್ಮೆ ಓಡಿಸಿ ನೋಡುವ ಪದ್ಧತಿ ಇತ್ತು. ಖಾಲಿ ಹಾಲಿನಲ್ಲಿ ಕಥೆಯಣ್ಣ, ನಾನು, ಮೇಲೆ ಆಪರೇಟರ್.

ಕಥೆ ಇಷ್ಟು. ಹಿಮ ಬೀಳುವ ಬೆಟ್ಟದ ದಾರಿಯಲ್ಲಿ ಒಂದು ಕುದುರೆಗಾಡಿ ಕಮರಿಗೆ ಉರುಳುತ್ತದೆ. ಗಾಡಿಯಲ್ಲಿದ್ದವರು ಒಬ್ಬೊಬ್ಬರಾಗಿ ಮೇಲೆ ಹತ್ತಿ ದಾರಿಯ ಪಕ್ಕದ ಛತ್ರಕ್ಕೆ ಬಂದು ಸೇರುತ್ತಾರೆ. ಛತ್ರದವಳು ಬಿಸಿ ಗಂಜಿ ಕೊಡುತ್ತಾಳೆ. ಎಲ್ಲರೂ ಬದುಕಿದೆವಲ್ಲ ಎಂದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ. ಆಗ ಕಮರಿಗೆ ಇಳಿದು ನೋಡಿ ಬಂದ ಛತ್ರದ ಆಳು ಹೇಳುತ್ತಾನೆ, ಗಾಡಿಯ ಕೆಳಗೆ ಒಂದು ಹೆಣ ಇದೆ, ಮುಖ ಹಿಮದಲ್ಲಿ ಹೂತಿದೆ. ಆದರೆ ಗಾಡಿಯಲ್ಲಿದ್ದವರು ಎಲ್ಲರೂ ಇಲ್ಲೇ ಕೂತಿದ್ದಾರೆ. ಹಾಗಾದರೆ ಇವರಲ್ಲಿ ಒಬ್ಬರು ಸತ್ತವರು. ಯಾರೆಂದು ಯಾರಿಗೂ ತಿಳಿಯದು. ಸತ್ತವರಿಗೂ ತಿಳಿಯದು. ಹಿಮ ಬಿದ್ದು ದಾರಿ ಮುಚ್ಚುತ್ತದೆ, ಮತ್ತೆ ಹೋಗಿ ನೋಡುವ ಹಾಗಿಲ್ಲ. ಮೊದಲು ಪ್ರತಿಯೊಬ್ಬರೂ ಉಳಿದವರ ಮುಖ ನೋಡುತ್ತಾರೆ. ಆಮೇಲೆ ಮೆಲ್ಲಗೆ ತಮ್ಮ ಕೈಗಳನ್ನೇ ನೋಡಿಕೊಳ್ಳತೊಡಗುತ್ತಾರೆ.

ಅಲ್ಲಿಯವರೆಗೆ ನಾನು ನಿಜಕ್ಕೂ ಹೆದರಿದ್ದೆ. ದೆವ್ವ ಇಲ್ಲ, ರಕ್ತ ಇಲ್ಲ. ಬರೀ ಮುಖಗಳು, ಒಂದು ಬಾಗಿಲು, ಆರುತ್ತಿರುವ ದೀಪ.

ಆದರೆ ಚಿತ್ರ ಮಾಡಿದವನಿಗೆ ಆ ಭಯ ಸಾಲದು ಅನ್ನಿಸಿತೋ, ಹೆಚ್ಚಾಯಿತು ಅನ್ನಿಸಿತೋ. ನಡುವೆ ಒಬ್ಬ ದಪ್ಪ ಅಡಿಗೆಯವನನ್ನು ತಂದು ಹಿಟ್ಟಿನ ಪೀಪಾಯಿಯಲ್ಲಿ ಬೀಳಿಸಿದ. ಎದ್ದವನನ್ನು ಮತ್ತೆ ಬೀಳಿಸಿದ. ಕೊನೆಯ ರೀಲು ಇನ್ನೂ ಕೆಟ್ಟದ್ದು. ಸತ್ತವನು ಯಾರೆಂದರೆ, ಬಹಳ ಕಾಲದ ಮೇಲೆ ಹೆಂಡತಿ ಮಕ್ಕಳ ಹತ್ತಿರ ಹೊರಟಿದ್ದ ಪ್ರಯಾಣಿಕ. ಅಲ್ಲಿಯವರೆಗೆ ಉಳಿದವರಿಗೆಲ್ಲ ಧೈರ್ಯ ಹೇಳುತ್ತಿದ್ದವನು ಅವನೇ. ಅವನನ್ನು ಹೊರಗೆ ನೂಕಿ ಬಾಗಿಲು ಹಾಕುತ್ತಾರೆ. ಅಷ್ಟರ ತನಕ ಗಡ್ಡವೇ ಇರದಿದ್ದವನಿಗೆ ಒಮ್ಮೆಲೇ ಹತ್ತಿಯ ಗಡ್ಡ ಬರುತ್ತದೆ, ಮುಖಕ್ಕೆ ಸುಣ್ಣ, ಉದ್ದ ಉಗುರು. ತಂತಿಯಲ್ಲಿ ಕಟ್ಟಿ ಅವನನ್ನು ಕಿಟಕಿಯ ಮುಂದೆ ಆಚೆ ಈಚೆ ಹಾರಿಸಿದ್ದಾರೆ. ಆ ತಂತಿ ಮಂಡಿಯಲ್ಲಿ ಮೂಟೆ ತೂಗುವ ಹಗ್ಗದಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಮೇಲಿನಿಂದ ಆಪರೇಟರ್ ನಕ್ಕದ್ದು ಕೇಳಿಸಿತು. ನಾನೂ ನಕ್ಕೆ.

ಕಥೆಯಣ್ಣ ನಗಲಿಲ್ಲ. ದೀಪ ಹಾಕಿದ ಮೇಲೂ ಪರದೆಯನ್ನೇ ನೋಡುತ್ತಿದ್ದರು.

"ಎಷ್ಟು ಚೆಂದ ಯೋಚನೆ ಮಾಡಿದ್ದಾರೆ" ಎಂದರು. "ಕೊನೆಗೆ ಹತ್ತಿ ಅಂಟಿಸಿ ಕೊಂದರಲ್ಲ ತಮ್ಮಾ."

"ದೆವ್ವ ಅಂದ ಮೇಲೆ ಹೆದರಿಸಬೇಡವೇ ಅಣ್ಣಾ?"

"ತಾನು ಸತ್ತದ್ದೇ ಅವನಿಗ ತಿಳಿಯದು. ಮನೆಗ ಹೊರಟವನು ಅವನು. ಅವನನ್ನ ಕಂಡರೆ ಹೆದರಿಕೆ ಯಾಕೆ? ಪಾಪ ಅನ್ನಿಸಬೇಕು."

ಮೊದಲ ದಿನ ನಾವು ಅಂದುಕೊಂಡಂತೆಯೇ ಆಯಿತು. ಅರ್ಧ ಚಿತ್ರದವರೆಗೆ ಹಾಲಿನಲ್ಲಿ ಕೆಮ್ಮು ಕೂಡ ಇಲ್ಲ. ಹತ್ತಿ ಗಡ್ಡ ಬಂದದ್ದೇ ತಡ, ಹಾಲಿನ ತಗಡು ಹಾರಿಹೋಗುವಷ್ಟು ನಗು. ಕಥೆಯಣ್ಣ ತುತ್ತೂರಿ ಕೆಳಗಿಟ್ಟು ಹೊರಗೆ ಹೋದರು.

ಮರುದಿನ ಅವರು ನನ್ನನ್ನು ಕರೆದು, "ಬಾಗಿಲು ಹಾಕಿದ ಕೂಡಲೇ ನೀ ಬಾರಿಸುವುದನ್ನ ನಿಲ್ಲಿಸು. ಆಮೇಲೆ ನಾ ನೋಡಿಕೊಳ್ಳುವೆ" ಎಂದರು. ನಿಲ್ಲಿಸಿದೆ. ಮಳೆಯ ಸದ್ದು, ಎಂಜಿನ್ನಿನ ಸದ್ದು, ಅಷ್ಟೇ ಉಳಿಯಿತು. ಅದುವರೆಗೆ ಅವರು ಕಥೆಯನ್ನು 'ಅವನು ಬಂದ, ಅವಳು ಹೇಳಿದಳು' ಎಂದು ಹೇಳುತ್ತಿದ್ದವರು. ಈಗ ಸತ್ತವನೇ ಆಗಿ ಮಾತಾಡಿದರು. ತುತ್ತೂರಿ ಇಲ್ಲದೆ, ಬಹಳ ಮೆಲ್ಲಗೆ. "ಬಾಗಿಲು ತೆಗೆಯಿರಿ. ನಾನೇ ಬಂದಿದ್ದೇನೆ. ಹೊರಗೆ ಚಳಿ. ಮಗುವಿಗೆ ಗೊಂಬೆ ತಂದಿದ್ದೇನೆ, ಅದನ್ನಾದರೂ ಒಳಗೆ ತೆಗೆದುಕೊಳ್ಳಿ…" ಪರದೆಯ ಮೇಲೆ ಅದೇ ಸುಣ್ಣದ ಮುಖ, ಅದೇ ತಂತಿ. ಒಬ್ಬರಿಬ್ಬರು ನಗಲು ಶುರುಮಾಡಿ ನಿಲ್ಲಿಸಿದರು. ಆಮೇಲೆ ಯಾರೂ ನಗಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಗಾಡಿ ಹೊಡೆಯುವ ಮುದುಕರೊಬ್ಬರು ಮೂಗು ಒರೆಸಿಕೊಳ್ಳುತ್ತಿದ್ದರು.

ಸುದ್ದಿ ಹಬ್ಬಿತು. ಮಳೆಯಲ್ಲೂ ಹಾಲು ತುಂಬತೊಡಗಿತು. ಮುದಲಾಳಿ ಚಿತ್ರವನ್ನು ಹಿಂದಕ್ಕೆ ಕಳಿಸದೆ ಮತ್ತಷ್ಟು ದಿನ ಇಟ್ಟುಕೊಂಡರು.

ಒಂದು ಮಂಗಳವಾರ ಮಧ್ಯಾಹ್ನದ ಆಟಕ್ಕೆ ಕುಂದಾ ಕಡೆಯ ಒಂದು ಸಂಸಾರ ಬಂದಿತು. ನನಗೆ ಅವರು ಯಾರೆಂದು ಆಗ ಗೊತ್ತಿರಲಿಲ್ಲ. ಬಿಳಿಯ ಸೀರೆ ಸುತ್ತಿ ತಲೆಗೆ ಬಟ್ಟೆ ಕಟ್ಟಿದ್ದ ಹೆಂಗಸು, ಪುಟ್ಟ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ ಗಂಡ, ಅವನ ಕೈ ಹಿಡಿದು ನಡೆಯುತ್ತಿದ್ದ ಮುದುಕಿ. ಮುದುಕಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಸಂತೆಯಲ್ಲಿ ಒಂಟಿ ಬಿಡಲಾಗದೆ ಕರೆತಂದಿದ್ದರು. ಕಾಣದವಳಿಗೆ ಬಯಾಸ್ಕೋಪ್ ಯಾಕೆಂದು ಬಾಗಿಲಲ್ಲಿ ಯಾರೋ ನಗಾಡಿದರು. "ಕಿವಿ ಇದೆಯಲ್ಲ" ಎಂದು ಮುದುಕಿ ಹೇಳಿ, ನನ್ನ ಹಾರ್ಮೋನಿಯಂ ಹತ್ತಿರವೇ, ಮುಂದಿನ ಸಾಲಿನಲ್ಲಿ ಕೂತಳು.

ಆಟ ಶುರುವಾಯಿತು. ಕಥೆಯಣ್ಣ ಎಂದಿನಂತೆ ಪರದೆಯ ಹಿಂದೆ. ಮೊದಲ ಮಾತಿಗೇ ಮುದುಕಿ ಕತ್ತು ಎತ್ತಿದಳು. ನಾನು ನೋಡುತ್ತಿದ್ದೆ. ಪರದೆಯ ಬೆಳಕು ಅವಳ ಮುಖದ ಮೇಲೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮಗನ ತೋಳು ಹಿಡಿದು ಏನೋ ಹೇಳಿದಳು. "ಸುಮ್ಮನಿರು ಅವ್ವೆ, ಅದು ಕಥೆ" ಎಂದು ಅವನು ಹೇಳಿದ್ದು ನನಗೆ ಕೇಳಿಸಿತು. ಅಡಿಗೆಯವನು ಹಿಟ್ಟಿನಲ್ಲಿ ಬಿದ್ದಾಗ ಎಲ್ಲರೂ ನಕ್ಕರೂ ಅವಳು ನಗಲಿಲ್ಲ.

ಕೊನೆಯ ರೀಲು ಬಂತು. ಛತ್ರದ ಬಾಗಿಲು ಮುಚ್ಚಿತು. ನಾನು ಹಾರ್ಮೋನಿಯಂ ನಿಲ್ಲಿಸಿದೆ.

"ಬಾಗಿಲು ತೆಗೆ" ಎಂದಿತು ಪರದೆಯ ಹಿಂದಿನ ಧ್ವನಿ. "ನಾ ಬಂದೆ. ಹೊರಗ ಚಳಿ…"

ಮುದುಕಿ ಎದ್ದು ನಿಂತಳು. ಅವಳ ನೆರಳು ಪರದೆಯ ಮೇಲೆ ಬಿತ್ತು.

"ಬಾ, ಎನ್ನ ಮಗ" ಎಂದಳು. ಕೂಗಲಿಲ್ಲ, ಮನೆಯ ಒಳಗಿನಿಂದ ಅಂಗಳದವರಿಗೆ ಹೇಳುವಂತೆ ಹೇಳಿದಳು. "ಬಾಗಿಲು ತೆರೆದೇ ಇದೆ. ನಿನಗ ಬಾಗಿಲು ಹಾಕಿದವರು ಯಾರು?"

ಧ್ವನಿ ನಿಂತಿತು. ಚಿತ್ರ ಮಾತ್ರ ಓಡುತ್ತಲೇ ಇತ್ತು. ಹತ್ತಿ ಗಡ್ಡ ಬಂತು, ತಂತಿ ಬಂತು. ಹೇಳುವವರಿಲ್ಲದ ಆ ಮುಖ ಆಚೆ ಈಚೆ ಹಾರಾಡುವುದನ್ನು ನೋಡಿ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ನಗು ಹಬ್ಬಿತು. ಆ ನಗುವಿನ ನಡುವೆ ಮುದುಕಿ ಕೈ ಮುಂದೆ ಚಾಚಿಕೊಂಡು ನಿಂತಿದ್ದಳು. ನಾನು ಏನು ಮಾಡುವುದೆಂದು ತಿಳಿಯದೆ ಹಾರ್ಮೋನಿಯಂ ಒತ್ತಿದೆ. ಏನು ನುಡಿಸಿದೆನೋ ದೇವರಿಗೇ ಗೊತ್ತು.

ಆಟ ಮುಗಿದು ನಾನು ಓಡಿದರೆ ಕಥೆಯಣ್ಣನ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ಹೊರಗೆ ಮುದಲಾಳಿ ಖುಷಿಯಲ್ಲಿ ಕೈ ಉಜ್ಜುತ್ತ ನಿಂತಿದ್ದರು. "ಆ ಮುದುಕಿ ಪಾಟಿಯನ್ನು ಎಲ್ಲಿಂದ ಹಿಡಿದು ತಂದಿರಿ? ದಿನವೂ ಕೂರಿಸೋಣ!" ಎಂದರು. ಕಥೆಯಣ್ಣನೇ ಮಾಡಿಸಿದ ಉಪಾಯ ಎಂದು ಅವರು ತಿಳಿದಿದ್ದರು.

ನಾನು ಹೊರಗೆ ಕೂತೆ. ಬಹಳ ಹೊತ್ತಿನ ಮೇಲೆ ಕಥೆಯಣ್ಣ ಬಾಗಿಲು ತೆಗೆದು, "ಹೋದರಾ?" ಎಂದು ಕೇಳಿದರು. ಸಂತೆಯ ಹತ್ತಿರ ನೆಂಟರ ಮನೆಯಲ್ಲಿ ಉಳಿದಿದ್ದಾರಂತೆ ಎಂದೆ. ಒಳಗೆ ಕರೆದು ಕೂರಿಸಿಕೊಂಡರು. ಅಂದು ಮೊದಲ ಸಲ ಅವರು ತಮ್ಮ ಕಥೆ ಹೇಳಿದರು.

ಯುದ್ಧದ ಕಾಲದಲ್ಲಿ ಸೈನ್ಯದ ಕೂಲಿ ಪಡೆಗೆ ಸೇರಿ ಹಡಗು ಹತ್ತಿದ್ದರು. ಅರಬರ ನಾಡಿನ ಬಸ್ರಾದಲ್ಲಿ ಜ್ವರ ಹಿಡಿದು ಎಷ್ಟೋ ಕಾಲ ಆಸ್ಪತ್ರೆಯಲ್ಲಿ ಬಿದ್ದಿದ್ದರು, ಇಂಗ್ಲಿಷ್ ಓದಲು ಕಲಿತದ್ದೂ ಅಲ್ಲೇ. ಅದೇ ಹೆಸರಿನ ಬೇರೆ ಯಾರೋ ಅಲ್ಲಿ ಸತ್ತ. ಸತ್ತವನು ಇವರೇ ಎಂದು ಊರಿಗೆ ಸುದ್ದಿ ಬಂತು. ಯುದ್ಧ ಮುಗಿದು ಇವರು ತಿರುಗಿ ಬಂದು ಮಂಜೂರು ದಾಟುವಾಗ ಎಮ್ಮೆ ಮೇಯಿಸುತ್ತಿದ್ದ ಒಬ್ಬ ಸಿಕ್ಕ. ಗಡ್ಡ ಬೆಳೆದು ಸೊರಗಿದ್ದ ಇವರ ಗುರುತು ಅವನಿಗೆ ಹತ್ತಲಿಲ್ಲ. ಇವರೂ ಹೇಳದೆ, ತಮ್ಮ ಮನೆಯವರ ಬಗ್ಗೆಯೇ ದಾರಿಹೋಕನಂತೆ ಕೇಳಿದರು. ಆ ಮನೆಯ ದೊಡ್ಡ ಮಗ ತೀರಿಹೋದ, ಎಲ್ಲ ಶಾಸ್ತ್ರ ಮಾಡಿ, ಅವನ ಪಾಪ ಹೊರಲು ಕರು ಬಿಟ್ಟಿದ್ದೂ ಆಯಿತು ಎಂದು ಅವನು ಹೇಳಿದ. ಹೆಂಡತಿಯನ್ನು ತಮ್ಮನಿಗೇ ಕೊಟ್ಟರು, ಈಗ ಒಂದು ಹೆಣ್ಣು ಮಗು ಎಂದೂ ಹೇಳಿದ.

"ಹಟ್ಟಿಯ ಮೇಲಿನ ದಿಣ್ಣೆಗ ಹೋಗಿ ನಿಂತೆ" ಎಂದರು. "ಮನೆಯ ಹೊಗೆ ಕಂಡಿತು. ಅವಳು ಹೊರಗ ಬಂದು ಮಗುವಿನ ಬಟ್ಟೆ ಹರವಿ ಒಳಗ ಹೋದಳು. ನಾ ಇಳಿದು ಹೋದರೆ ಆ ಮನೆ ಉಳಿಯದು ಅನ್ನಿಸಿತು. ತಿರುಗಿ ಬಂದೆ."

ಅಂದಿನಿಂದ ಊಟಿಯಲ್ಲಿ, ಒಂದು ಹಗಲು ನಡೆದರೆ ಸೇರುವ ದೂರದಲ್ಲಿ ಇದ್ದರು. ಹಟ್ಟಿಯವರು ಬರುವ ಮಂಗಳವಾರ ಪರದೆಯ ಹಿಂದೆ…

ಮರುದಿನ ಬೆಳಿಗ್ಗೆ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದ ಆ ತಮ್ಮ, ಅವ್ವೆಯ ಮಾತು ನಂಬಿ, ಒಬ್ಬನೇ ಬಂದ. ಮಂಡಿಗೆ ಹೋಗುವ ಮುಂಚೆ ನಾನು ಅಲ್ಲಿಗೆ ಹೋಗಿದ್ದೆ. ಅವನು ಒಳಗೆ ಬರಲಿಲ್ಲ. ಹೊಸಿಲ ಹೊರಗೆ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. 

"ಅಣ್ಣಾ, ಹಟ್ಟಿಗ ಬಾ" ಎಂದ. "ಮನೆ ನಿನ್ನದು. ಹೊಲ ನಿನ್ನದು. ಅವಳೂ ನಿನ್ನವಳೇ. ನಾ ಎಲ್ಲಾದರೂ ಹೋಗುವೆ."

"ಮಗು?" ಎಂದು ಕೇಳಿದರು ಕಥೆಯಣ್ಣ.

ಅವನು ಕೈಯಲ್ಲಿದ್ದ ಬಟ್ಟೆಯಿಂದ ಮುಖ ಮುಚ್ಚಿಕೊಂಡ.

ದಿಣ್ಣೆಯಿಂದ ತಿರುಗಿ ಬಂದದ್ದನ್ನು ಕಥೆಯಣ್ಣ ಅವನಿಗೆ ಹೇಳಿದರು. ಅವನು ಹೋಗಿ ತಿಳಿಸಿದ ಮೇಲೆ ಅವ್ವೆಯನ್ನು ಕರೆದುಕೊಂಡು ಆ ಹೆಂಗಸು ಬಂದಳು. ಮುದುಕಿ ಮಗನ ಮುಖ ಮುಟ್ಟಿದಳು, ಕಿವಿ ಮುಟ್ಟಿದಳು, ಕೋಟಿನ ಗುಂಡಿಗಳನ್ನು ಮುಟ್ಟಿದಳು. "ಸೊರಗಿದ್ದೀಯ" ಎಂದಳು, ಅಷ್ಟೇ. ಕಥೆಯಣ್ಣ ಮಗುವಿನಂತೆ ಅತ್ತರು. ಹೆಂಗಸು ದೂರದಲ್ಲಿ, ಬೇಲಿಯ ಹತ್ತಿರ ಮಗಳ ಕೈ ಹಿಡಿದು ನಿಂತಿದ್ದಳು. ಅವಳು ಅಳಲಿಲ್ಲ. ಯಾರನ್ನೂ ನೋಡದೆ ಹೇಳಿದಳು.

"ಇಷ್ಟು ಹತ್ತಿರ ಇದ್ದೆ."

ಕಥೆಯಣ್ಣ ತಲೆ ಎತ್ತಿದರು.

"ದಿಣ್ಣೆಯ ಮೇಲೆ ನಿಂತು ನೋಡಿದೆಯಂತೆ. ನಾ ನಿನಗಾಗಿ ಬೇಕಾದಷ್ಟು ಅತ್ತೆ. ಇನ್ನೊಂದು ಮದುವೆಯಾಗಿ ಮನೆ ಕಟ್ಟಬೇಕೋ ಬೇಡವೋ ಎಂದು ಅವ್ವೆ ಎನ್ನ ಕೇಳಿದಳು, ನಿನ್ನ ತಮ್ಮ ಕೇಳಿದ. ನೀ ಮಾತ್ರ ಕೇಳಲಿಲ್ಲ. ಎಲ್ಲರಿಗೂ ನೀನೇ ತೀರ್ಮಾನ ಮಾಡಿ ಹೋದೆ."

 ಕಥೆಯಣ್ಣ ತಾನು ಮನೆ ಉಳಿಸಿದೆ ಎಂದುಕೊಂಡು ಅಷ್ಟು ವರ್ಷ ಬದುಕಿದ್ದರು. ಅವಳು ಹೇಳಿದ್ದೂ ನಿಜ. ನನಗೆ ಇಂದಿಗೂ ಅವರಿಬ್ಬರಲ್ಲಿ ಯಾರದು ಸರಿ ಎಂದು ಹೇಳಲು ಬಾರದು.

ಅವ್ವೆಗಾಗಿ ಅವರು ಹಟ್ಟಿಗೆ ಹೋದರು. ಗಂಡನಾಗಿ ಅಲ್ಲ, ಮಗನಾಗಿ. ಹಾಲಿನಲ್ಲಿ ಆ ಚಿತ್ರಕ್ಕೆ ಮುದಲಾಳಿ ಇನ್ನೊಬ್ಬರಿಂದ ಕಥೆ ಹೇಳಿಸಿ ನೋಡಿದರು. ಕೊನೆಯ ರೀಲಿಗೆ ಜನ ಬಿದ್ದು ಬಿದ್ದು ನಕ್ಕರು. ಚಿತ್ರವನ್ನು ಮದರಾಸಿಗೆ ಕಳಿಸಿಬಿಟ್ಟರು.

ಮಳೆ ನಿಂತ ಮೇಲೆ ಮಂಡಿಯ ಕೆಲಸಕ್ಕೆ ಮಂಜೂರಿನ ಕಡೆ ಹೋದಾಗ ನಾನು ಹಟ್ಟಿಗೂ ಹೋಗಿ ಎರಡು ದಿನ ಇದ್ದು ಬಂದೆ. ಕಥೆಯಣ್ಣ ಮನೆಯ ಹೊರಗಿನ ಜಗಲಿಯಲ್ಲಿ ಕೂತು ಆಲೂಗಡ್ಡೆ ಆರಿಸುತ್ತಿದ್ದರು. ಸಾವಿನ ಶಾಸ್ತ್ರ ಮುಗಿದವರು ಹಾಗೇ ಮನೆ ಹೊಗಬಾರದೆಂದು ಹಿರಿಯರು ತಲೆಗೆ ನೀರು ಹೊಯ್ದು, ಹುಟ್ಟಿದ ಮಗುವಿಗೆ ಇಡುವಂತೆ ಹೊಸ ಹೆಸರು ಇಟ್ಟಿದ್ದರಂತೆ. "ಆ ಹೆಸರಿನಲ್ಲಿ ಕರೆದರೆ ಎನಗೇ ತಿರುಗಿ ನೋಡಲು ಮರೆತುಹೋಗುತ್ತದೆ" ಎಂದು ನಕ್ಕರು.

"ಹೇಗಿದ್ದೀರಿ ಅಣ್ಣಾ?"

"ಎಲ್ಲರೂ ಒಳ್ಳೆಯವರು ತಮ್ಮಾ. ಅದೇ ಕಷ್ಟ."

ಆಮೇಲೆ ನಾನೇ ಕಣ್ಣಾರೆ ಕಂಡೆ. ಊಟಕ್ಕೆ ಕೂತಾಗ ಎಲ್ಲರಿಗಿಂತ ಮೊದಲು ಅವರಿಗೇ ಬಡಿಸಿದರು, ಹೆಚ್ಚು ಬಡಿಸಿದರು, ನೆಂಟರಿಗೆ ಬಡಿಸುವ ಹಾಗೆ. ಬೆಂಕಿಯ ಸುತ್ತ ಕೂತಾಗ ಅವರ ಎರಡೂ ಪಕ್ಕದಲ್ಲಿ ಒಂದಿಷ್ಟು ಜಾಗ ಖಾಲಿ ಇರುತ್ತಿತ್ತು. ಯಾರೂ ಬೇಕೆಂದು ಬಿಟ್ಟದ್ದಲ್ಲ. ಅವರು ಒಳಗೆ ಬಂದರೆ ತಮ್ಮನು ಮಾತು ನಿಲ್ಲಿಸುತ್ತಿದ್ದ, ಹೆಂಗಸು ಪಾತ್ರೆ ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ಪುಟ್ಟ ಮಗಳು ಮಾತ್ರ ಅವರ ಬೆನ್ನು ಹತ್ತಿ ಕೂರುತ್ತಿದ್ದಳು. ಸಂಜೆ ಅವ್ವೆ ಮಗನ ಕೈ ಹಿಡಿದುಕೊಂಡು ಅದೇ ಛತ್ರದ ಕಥೆಯನ್ನು ಮತ್ತೆ ಹೇಳಿಸಿದಳು. ಅಡಿಗೆಯವನು, ಹಿಟ್ಟಿನ ಪೀಪಾಯಿ ಯಾವುದನ್ನೂ ಬಿಡುವ ಹಾಗಿರಲಿಲ್ಲ. ಅಲ್ಲಿ ನಕ್ಕವಳು ಅವ್ವೆ ಒಬ್ಬಳೇ.

ಮಂಜು ಹೆಪ್ಪುಗಟ್ಟಿ ಬೀಳುವ ತಿಂಗಳಲ್ಲಿ ಅವ್ವೆ ತೀರಿಕೊಂಡಳು. ಹಿರಿಯ ಮಗ ಮಾಡಬೇಕಾದದ್ದನ್ನೆಲ್ಲ ಕಥೆಯಣ್ಣನೇ ಮಾಡಿದರು. ಅದು ಮುಗಿದು ಸ್ವಲ್ಪ ದಿನಕ್ಕೆ ಒಂದು ಗಂಟು ಹಿಡಿದು ಹಾಲಿಗೆ ಬಂದರು. ಅಂದು ಮಂಗಳವಾರ. ಯಾವುದೋ ರಾಜನ ಕಥೆಯ ಚಿತ್ರ ಇತ್ತು. ಮುದಲಾಳಿ ಕೈಮುಗಿದು ಹೇಳಲು ಕೇಳಿಕೊಂಡರು. ಕಥೆಯಣ್ಣ ಒಪ್ಪಿದರು. ಪರದೆಯ ಹಿಂದೆ ಹೋಗಲಿಲ್ಲ. ಸಂತೆಗೆ ಬಂದ ಹಟ್ಟಿಯವರ ಮುಂದೆ, ಬೆಳಕಿನಲ್ಲಿ ನಿಂತು ಬಡಗ ಮಾತಿನಲ್ಲಿ ಹೇಳಿದರು. ಜನ ಚಿತ್ರಕ್ಕಿಂತ ಅವರ ಮುಖವನ್ನೇ ಹೆಚ್ಚು ನೋಡಿದರು. ಸತ್ತು ಬಂದವನು ಇವನೇ ಎಂದು ಒಬ್ಬರ ಕಿವಿಯಲ್ಲಿ ಒಬ್ಬರು ಹೇಳುತ್ತಿದ್ದದ್ದು ನನಗೇ ಕೇಳಿಸುತ್ತಿತ್ತು. ಅವರಿಗೂ ಕೇಳಿಸಿರಬೇಕು.

ಮರುದಿನ ರೈಲು ಹತ್ತಿಸಲು ನಾನು ಹೋದೆ. ಕೊಯಮತ್ತೂರಿನಲ್ಲಿ ಒಂದು ಡೇರೆ ಕಂಪನಿಯವರು ಚಿತ್ರ ತೋರಿಸುತ್ತ ಊರೂರು ಸುತ್ತುತ್ತಾರೆ, ಅವರ ಜೊತೆ ಸೇರುವೆ ಎಂದರು.

"ಇಲ್ಲೇ ಇರಿ ಅಣ್ಣಾ. ಈಗ ಬಚ್ಚಿಡುವುದು ಏನೂ ಇಲ್ಲವಲ್ಲ" ಎಂದೆ.

"ಅದಕ್ಕೇ" ಎಂದರು. "ಗೊತ್ತಿಲ್ಲದವರ ನಡುವೆ ಒಂಟಿ ಇರಬಹುದು ತಮ್ಮಾ. ಗೊತ್ತಿದ್ದವರ ನಡುವೆ ಕಷ್ಟ."

ರೈಲು ಇಳಿಜಾರಿನಲ್ಲಿ ಮೆಲ್ಲಗೆ ಹೊರಟಿತು. ಅವರು ಕಿಟಕಿಯಿಂದ ಕೈ ಬೀಸಲಿಲ್ಲ. ಒಂದು ಸಲ ನೋಡಿ ಮುಖ ಒಳಗೆ ತೆಗೆದುಕೊಂಡರು. ಆಮೇಲೆ ಕೆಲವು ವರ್ಷ ಅವರ ತಮ್ಮ ನಮ್ಮ ಮಂಡಿಗೆ ಆಲೂಗಡ್ಡೆ ತಂದಾಗಲೆಲ್ಲ ಏನಾದರೂ ಸುದ್ದಿ ಇದೆಯಾ ಎಂದು ಕೇಳುತ್ತಿದ್ದ. ಇರಲಿಲ್ಲ. ಸಿನಿಮಾಗಳು ಮಾತಾಡತೊಡಗಿದವು. ಡೇರೆ ಕಂಪನಿಗಳಲ್ಲಿ ಕಥೆ ಹೇಳುವವರನ್ನು ಬಿಡಿಸಿದರು ಎಂದು ಯಾರೋ ಹೇಳಿದರು. ನನ್ನ ಹಾರ್ಮೋನಿಯಮ್ಮೂ ಮನೆಗೆ ಬಂತು. ತಮ್ಮನೂ ತೀರಿಕೊಂಡ, ಆ ಹೆಂಗಸೂ ತೀರಿಕೊಂಡಳು. ಕಥೆಯಣ್ಣ ಎಲ್ಲಿ ಉಳಿದರೋ, ಕೊನೆಗೆ ಯಾರು ನೀರು ಬಿಟ್ಟರೋ… ನನಗೆ ಗೊತ್ತಿಲ್ಲ.

ಇಷ್ಟನ್ನು ಬರೆಯಲು ಕೂತದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹೋದ ತಿಂಗಳು ಹಟ್ಟಿಯಿಂದ ಆ ಮಗಳು ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಈಗ ಅವಳಿಗೇ ಮೊಮ್ಮಕ್ಕಳಿದ್ದಾರೆ. ಮನೆಯಲ್ಲಿ ದೊಡ್ಡಪ್ಪನ ಮಾತು ಬಂತಂತೆ, ಮಕ್ಕಳು ಕೇಳಿದರಂತೆ. "ಎನಗ ಅವರ ಬೆನ್ನು ನೆನಪಿದೆ, ಆ ಕೋಟು ನೆನಪಿದೆ. ದನಿ ಮಾತ್ರ ನೆನಪಿಲ್ಲೆ. ನಿಂಗ ದಿನವೂ ಪಕ್ಕದಲ್ಲಿ ಕೂತವರು. ಹೇಗಿತ್ತು, ಒಮ್ಮೆ ಹಾಗೆ ಹೇಳಿ ತೋರಿಸುವಿರಾ?" ಎಂದಳು.

ಅದರಲ್ಲೇನು ಕಷ್ಟ ಎಂದುಕೊಂಡು ನಾನು ಬಾಯಿ ತೆರೆದೆ. ಮಾತುಗಳೆಲ್ಲ ಬಂದವು. ಎಲ್ಲಿ ನಿಲ್ಲಿಸುತ್ತಿದ್ದರು, ಎಲ್ಲಿ ಮೆಲ್ಲಗಾಗುತ್ತಿದ್ದರು, ಅದೂ ಬಂತು. ಆದರೆ ಕೇಳಿಸಿದ್ದು ನನ್ನದೇ ಮುದಿ ಗಂಟಲು. ಇನ್ನೊಮ್ಮೆ ಪ್ರಯತ್ನಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು. ಕೊನೆಗೆ ನಾನು ಸುಮ್ಮನಾದೆ.

"ಇರಲಿ ಬಿಡಿ" ಎಂದು ಅವಳು ನನ್ನ ಕೈ ಮುಟ್ಟಿ ಎದ್ದಳು. ಅವಳನ್ನು ಬಸ್ಸಿನವರೆಗೆ ಬಿಟ್ಟು ಬಂದೆ.